ಸಿಂಪರಣಾ ದ್ರಾವಣ: ಸರಿಯಾದ ಪ್ರಮಾಣದ ಲೆಕ್ಕಾಚಾರ

ಸಿಂಪರಣೆಗೆ ಸಂಬಂಧಿಸಿದ ಶಿಫಾರಸುಗಳು ಸಾಮಾನ್ಯವಾಗಿ ಎರಡು ಬಗೆಯಲ್ಲಿರುತ್ತವೆ. ಕೆಲವನ್ನು ದ್ರಾವಣದ ಶೇಕಡಾ ಪ್ರಮಾಣದಲ್ಲಿ, ಕೆಲವನ್ನು ವಿಸ್ತೀರ್ಣದ ಆಧಾರದ ಮೇಲೆ ನೀಡಲಾಗುತ್ತದೆ. ಎರಡಕ್ಕೂ ಒಂದೇ ಲೆಕ್ಕವನ್ನು ಅನುಸರಿಸಿದಲ್ಲಿ ಪ್ರಮಾಣ ತಪ್ಪುತ್ತದೆ. ಕಡಿಮೆಯಾದರೆ ಕಳೆಗಳು ಉಳಿದುಕೊಳ್ಳುತ್ತವೆ. ಹೆಚ್ಚಾದರೆ ಬೆಳೆಗೆ ಹಾನಿಯಾಗುತ್ತದೆ.

1. ಶೇಕಡಾ ಪ್ರಮಾಣದ ಶಿಫಾರಸು

ಶೇ. 1ರ ದ್ರಾವಣವೆಂದರೆ ಪ್ರತಿ ಲೀಟರ್ ನೀರಿಗೆ 10 ಗ್ರಾಂ. ಶೇ. 2ರ ಯೂರಿಯಾ ಸಿಂಪರಣೆಗೆ ಲೀಟರಿಗೆ 20 ಗ್ರಾಂ, ಅಂದರೆ 15 ಲೀಟರ್ ಟ್ಯಾಂಕಿಗೆ 300 ಗ್ರಾಂ ಯೂರಿಯಾ ಬೇಕು. ಎಕರೆಗೆ ಎಷ್ಟೇ ಟ್ಯಾಂಕು ಹಿಡಿದರೂ ಪ್ರತಿ ಟ್ಯಾಂಕಿನ ಪ್ರಮಾಣ ಬದಲಾಗುವುದಿಲ್ಲ. ಇದಕ್ಕಿಂತ ಗಾಢವಾದರೆ ಎಲೆಯ ಅಂಚು ಸುಡುವ ಸಂಭವವಿದೆ.

2. ವಿಸ್ತೀರ್ಣ ಆಧಾರಿತ ಶಿಫಾರಸು

ಮೆಕ್ಕೆಜೋಳದಲ್ಲಿ ಕಳೆ ಮೊಳೆಯುವ ಮುನ್ನ ಬಳಸುವ ಅಟ್ರಜಿನ್ ಶೇ. 50 ಡಬ್ಲ್ಯೂ.ಪಿ. ಪುಡಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಶಿಫಾರಸು ಹೆಕ್ಟೇರಿಗೆ 1 ಕಿ.ಗ್ರಾಂ ಮೂಲವಸ್ತು ಎಂದಿದ್ದಲ್ಲಿ, ಪೊಟ್ಟಣದಲ್ಲಿರುವ ಪುಡಿಯ ಅರ್ಧ ಭಾಗ ಮಾತ್ರ ಮೂಲವಸ್ತುವಾಗಿರುತ್ತದೆ ಎಂಬುದನ್ನು ಗಮನಿಸಬೇಕು.

ಬೇಕಾದ ಪುಡಿ = ಮೂಲವಸ್ತು × 100 ÷ ಪೊಟ್ಟಣದ ಮೇಲಿನ ಶೇಕಡಾ ಸಂಖ್ಯೆ
= 1 × 100 ÷ 50 = ಹೆಕ್ಟೇರಿಗೆ 2 ಕಿ.ಗ್ರಾಂ

ಒಂದು ಹೆಕ್ಟೇರು ಸುಮಾರು 2.5 ಎಕರೆಯಾದ್ದರಿಂದ ಎಕರೆಗೆ 800 ಗ್ರಾಂ ಪುಡಿ ಬೇಕಾಗುತ್ತದೆ.

3. ಟ್ಯಾಂಕಿಗೆ ಎಷ್ಟು?

ಇದನ್ನು ನಿರ್ಧರಿಸಲು ಎಕರೆಗೆ ಹಿಡಿಯುವ ನೀರನ್ನು ಮೊದಲು ಅಳೆಯಬೇಕು. ಬಳಸುವ ನಳಿಕೆಯಿಂದಲೇ, ಎಂದಿನ ನಡಿಗೆಯ ವೇಗದಲ್ಲಿ, ಒಂದು ಗುಂಟೆಗೆ ಬರಿ ನೀರನ್ನು ಸಿಂಪಡಿಸಿ, ಖರ್ಚಾದ ನೀರನ್ನು 40ರಿಂದ ಗುಣಿಸಿರಿ.

• ಗುಂಟೆಗೆ 5 ಲೀಟರ್: ಎಕರೆಗೆ 200 ಲೀಟರ್, 15 ಲೀಟರ್ ಟ್ಯಾಂಕಿಗೆ 60 ಗ್ರಾಂ.
• ಗುಂಟೆಗೆ 3.75 ಲೀಟರ್: ಎಕರೆಗೆ 150 ಲೀಟರ್, 15 ಲೀಟರ್ ಟ್ಯಾಂಕಿಗೆ 80 ಗ್ರಾಂ.

ಎರಡನೆಯ ಸಂದರ್ಭದಲ್ಲಿಯೂ 60 ಗ್ರಾಂ ಬೆರೆಸಿದರೆ, 10 ಟ್ಯಾಂಕುಗಳಿಂದ ಎಕರೆಗೆ ತಲುಪುವುದು 600 ಗ್ರಾಂ ಮಾತ್ರ. ಕಾಲು ಭಾಗ ಔಷಧಿ ಕೊರತೆಯಾಗಿ, ಕಳೆ ಹತೋಟಿ ಸಮರ್ಪಕವಾಗುವುದಿಲ್ಲ. ಆದುದರಿಂದ ಪಕ್ಕದ ಹೊಲದ ಅಳತೆಯನ್ನು ಹಾಗೆಯೇ ಅನುಸರಿಸುವುದು ಸೂಕ್ತವಲ್ಲ.

ಗಮನಿಸಬೇಕಾದ ಅಂಶಗಳು

• ಮುಚ್ಚಳದ ಅಳತೆಯನ್ನು ಬಿಟ್ಟು, ತಕ್ಕಡಿ ಅಥವಾ ಅಳತೆ ಲೋಟವನ್ನು ಬಳಸಿರಿ.
• ಪುಡಿಯನ್ನು ಸ್ವಲ್ಪ ನೀರಿನಲ್ಲಿ ಕದಡಿ, ನಂತರ ಟ್ಯಾಂಕಿಗೆ ಸೇರಿಸಿರಿ. ಪುಡಿಯು ತಳದಲ್ಲಿ ನಿಲ್ಲುವುದರಿಂದ ಆಗಾಗ್ಗೆ ಕಲಕುತ್ತಿರಬೇಕು.
• ಅಟ್ರಜಿನ್ ಪ್ರಮಾಣ ಮೀರಿದರೆ ಅದರ ಶೇಷವು ಮಣ್ಣಿನಲ್ಲುಳಿದು ಮುಂದಿನ ದ್ವಿದಳ ಧಾನ್ಯ ಬೆಳೆಗೆ ಹಾನಿ ಮಾಡಬಹುದು. ತೊಗರಿ ಮುಂತಾದ ಅಂತರ ಬೆಳೆ ಇರುವಲ್ಲಿ ಇದನ್ನು ಬಳಸಬಾರದು.
• ಒಂದೇ ಔಷಧಿಯು ಬೇರೆ ಬೇರೆ ಶೇಕಡಾ ಪ್ರಮಾಣಗಳಲ್ಲಿ ದೊರೆಯಬಹುದು. ಪೊಟ್ಟಣ ಬದಲಾದಾಗ ಲೆಕ್ಕವನ್ನು ಮತ್ತೊಮ್ಮೆ ಮಾಡಿರಿ.

ವಿಸ್ತರಣಾ ಕಾರ್ಯಕರ್ತರು ಶಿಫಾರಸು ತಿಳಿಸುವಾಗ ಅದು ಮೂಲವಸ್ತುವಿನ ಪ್ರಮಾಣವೇ ಅಥವಾ ಪೊಟ್ಟಣದಲ್ಲಿರುವ ಔಷಧಿಯ ಪ್ರಮಾಣವೇ ಎಂಬುದನ್ನು ಸ್ಪಷ್ಟವಾಗಿ ಬರೆದುಕೊಡುವುದು ಅವಶ್ಯಕ.