ದುಬಾರಿ ಹೆಡ್‌ಫೋನಿನ ‘ಧಮ್’ ಎಲ್ಲಿಂದ ಬರುತ್ತದೆ?

ವಿದ್ಯಾರ್ಥಿಗಳೇ, ಮೊಹರಂ ಹೊತ್ತಿಗೆ ಹಲಗೆ ಬಾರಿಸುವುದನ್ನು ಕೇಳಿದ್ದೀರಲ್ಲ? ದೂರದ ಓಣಿಯಲ್ಲಿದ್ದರೂ ‘ಧಮ್ ಧಮ್’ ಗೋಡೆ ದಾಟಿ ಬರುತ್ತದೆ. ಆ ದಪ್ಪ ಸದ್ದೇ ಬಾಸ್, ಅಂದರೆ ಕಡಿಮೆ ಆವೃತ್ತಿಯ ಶಬ್ದ. ಇದು ಹೆಡ್‌ಫೋನಿನಲ್ಲಿ ಚೆನ್ನಾಗಿ ಬರಬೇಕಾದರೆ ದೊಡ್ಡ ಆಂಪ್ಲಿಫೈಯರ್ ಬೇಕು ಅಂತ ಹಲವರು ಹೇಳುತ್ತಾರೆ. ನಿಜವೇ? ಹತ್ತನೇ ತರಗತಿಯ ಓಮ್‌ನ ನಿಯಮ ಹಿಡಿದುಕೊಂಡೇ ಪರೀಕ್ಷಿಸೋಣ.

ಮೊದಲು ‘ಓಪನ್’ ಹೆಡ್‌ಫೋನ್ ಅಂದರೇನು ನೋಡ್ರಿ. ಸಾಮಾನ್ಯ ಹೆಡ್‌ಫೋನಿನ ಹಿಂಭಾಗ ಮುಚ್ಚಿರುತ್ತದೆ. ಓಪನ್ ಮಾದರಿಯಲ್ಲಿ ಅಲ್ಲಿ ಜಾಳಿಗೆ ಇರುತ್ತದೆ. ಜರ್ಮನಿಯ ಸೆನ್‌ಹೈಸರ್ ಕಂಪನಿ 1968ರಲ್ಲಿ ಎಚ್‌ಡಿ 414 ಎಂಬ ಇಂಥ ಹೆಡ್‌ಫೋನನ್ನು ಮಾರುಕಟ್ಟೆಗೆ ತಂದಿತು. ಗಾಳಿ ಆಡುವುದರಿಂದ ನಮ್ಮ ಬೇಸಿಗೆಯಲ್ಲೂ ಕಿವಿ ಅಷ್ಟಾಗಿ ಬೆವರುವುದಿಲ್ಲ. ಆದರೆ ಹಾಡು ಹೊರಗೆ ಸೋರುತ್ತದೆ, ಹೊರಗಿನ ಗದ್ದಲ ಒಳಗೆ ಬರುತ್ತದೆ. ತೂಕವೂ ಮುಖ್ಯ: ಎಚ್‌ಡಿ 600 ಸುಮಾರು 260 ಗ್ರಾಂ ಇದ್ದರೆ, ಕೆಲವು ದುಬಾರಿ ಪ್ಲೇನಾರ್ ಮಾದರಿಗಳು ಅರ್ಧ ಕಿಲೋ ದಾಟುತ್ತವೆ. ಅಷ್ಟು ಭಾರ ಹೊತ್ತು ಗಂಟೆಗಟ್ಟಲೆ ಕೂತರೆ ಕುತ್ತಿಗೆ ಏನಾಗಬೇಡ!

ಹಿಂಭಾಗ ತೆರೆದಿದ್ದರೆ ಬಾಸ್‌ಗೆ ಏನಾಗುತ್ತದೆ? ಹಳೆ ರೇಡಿಯೋದ ಸ್ಪೀಕರ್ ಒಂದು ಸಿಕ್ಕರೆ ಬರಿಯಾಗಿ ಹಾಡಿಸಿ ಕೇಳಿ, ಸದ್ದು ತೆಳ್ಳಗಿರುತ್ತದೆ. ದೊಡ್ಡ ರಟ್ಟಿಗೆ ಸ್ಪೀಕರ್ ಅಳತೆಯ ತೂತು ಕೊರೆದು, ಅದಕ್ಕೆ ಸ್ಪೀಕರ್ ಒತ್ತಿ ಹಿಡಿಯಿರಿ. ಬಾಸ್ ತಟ್ಟನೆ ತುಂಬಿಕೊಳ್ಳುತ್ತದೆ. ಸ್ಪೀಕರಿನ ಮುಂದೆ ಗಾಳಿ ಒತ್ತಿದಾಗ ಹಿಂದೆ ವಿರಳವಾಗುತ್ತದೆ. 50 ಹರ್ಟ್ಝ್ ಶಬ್ದದ ತರಂಗದೂರ ಸುಮಾರು 7 ಮೀಟರ್. ಆದ್ದರಿಂದ ಹಿಂದಿನ ಅಲೆ ಅಂಚು ಬಳಸಿ ಮುಂದೆ ಬಂದು ಮುಂದಿನ ಅಲೆಯನ್ನು ಅಳಿಸಿಬಿಡುತ್ತದೆ. ರಟ್ಟು ಅದನ್ನು ತಡೆಯುತ್ತದೆ.

ಹೆಡ್‌ಫೋನಿನಲ್ಲಿ ಆ ರಟ್ಟಿನ ಕೆಲಸ ಮಾಡುವುದು ಕಿವಿಯ ಸುತ್ತಲಿನ ಮೆತ್ತೆ. ಕನ್ನಡಕದ ಕಡ್ಡಿಯಿಂದಲೋ ಸವೆದ ಮೆತ್ತೆಯಿಂದಲೋ ಸಂದು ಬಿದ್ದರೆ ಬಾಸ್ ಸೋರಿ ಹೋಗುತ್ತದೆ. ಅಂದರೆ ಹಾಯಾಗಿ, ಸರಿಯಾಗಿ ಕೂಡುವ ಮೆತ್ತೆ ಬರೀ ಸುಖಕ್ಕಲ್ಲ, ಸದ್ದಿಗೂ ಬೇಕು.

ಈಗ ಆಂಪ್ಲಿಫೈಯರ್. ಪ್ರತಿ ಆಂಪ್ಲಿಫೈಯರಿನ ಔಟ್‌ಪುಟ್‌ನಲ್ಲಿ ಒಂದಿಷ್ಟು ರೋಧ ಇರುತ್ತದೆ. ಅದು ಹೆಡ್‌ಫೋನಿನ ಜೊತೆ ಸರಣಿಯಲ್ಲಿದೆ. ಸರಣಿಯಲ್ಲಿ ವೋಲ್ಟೇಜು ರೋಧಕ್ಕೆ ತಕ್ಕಂತೆ ಹಂಚಿಹೋಗುತ್ತದೆ, ಅಲ್ವಾ? ಎಚ್‌ಡಿ 600ಕ್ಕೆ 300 ಓಮ್ ಎಂದು ಬರೆದಿರುತ್ತದೆ. ಆದರೆ ಅದರ ತೆಳುಪೊರೆ ತನ್ನ ಸಹಜ ಆವೃತ್ತಿಯಲ್ಲಿ, ಸುಮಾರು 100 ಹರ್ಟ್ಝ್ ಆಸುಪಾಸು, ಜೋರಾಗಿ ತೂಗುವಾಗ ಆ ಅಡ್ಡಿ 500 ಓಮ್‌ವರೆಗೂ ಏರುತ್ತದೆ.

ಆಂಪ್ಲಿಫೈಯರಿನ ರೋಧ 120 ಓಮ್ ಇದ್ದರೆ, ಮಧ್ಯದ ಸ್ವರಗಳಿಗೆ ಸಿಗುವ ಪಾಲು 300/420, ಅಂದರೆ 71%. ಬಾಸ್‌ಗೆ 500/620, ಅಂದರೆ 81%. ಬಾಸ್ ಸುಮಾರು 1 ಡೆಸಿಬಲ್ ಉಬ್ಬುತ್ತದೆ. ರೋಧ ಬರೀ 2 ಓಮ್ ಇದ್ದರೆ ಎರಡೂ ಪಾಲು 99% ದಾಟುತ್ತವೆ. ಉಬ್ಬು ಇಲ್ಲವೇ ಇಲ್ಲ ಅನ್ನಬಹುದು. ಪ್ಲೇನಾರ್ ಹೆಡ್‌ಫೋನುಗಳಲ್ಲಿ ಅಡ್ಡಿ ಎಲ್ಲಾ ಆವೃತ್ತಿಗೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಆಂಪ್ಲಿಫೈಯರಿನ ರೋಧ ಎಷ್ಟೇ ಇದ್ದರೂ ಸದ್ದು ಏರಿಳಿಯಬಹುದು, ಬಾಸಿನ ಪಾಲು ಮಾತ್ರ ಬದಲಾಗುವುದಿಲ್ಲ.

ಹಾಗಾದರೆ ‘ದೊಡ್ಡ ಆಂಪ್ಲಿಫೈಯರ್, ದೊಡ್ಡ ಬಾಸ್’ ಎಂಬ ಮಾತು? ಬಹುತೇಕ ಸಂದರ್ಭಗಳಲ್ಲಿ ಅದು ಕೊಡುವುದು ಬರೀ ಹೆಚ್ಚು ಸದ್ದು. ಸದ್ದು ಏರಿಸಿದಾಗ ನಮ್ಮ ಕಿವಿಗೆ ಬಾಸ್ ಹೆಚ್ಚಾದಂತೆ ಕೇಳುತ್ತದೆ. ಅಪಾಯ ಇರುವುದು ಅಲ್ಲಿಯೇ. ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 75 ಡೆಸಿಬಲ್. ಪ್ರತಿ 3 ಡೆಸಿಬಲ್ ಏರಿದಾಗ ಸಮಯ ಅರ್ಧಕ್ಕೆ ಇಳಿಯಬೇಕು. 90 ಡೆಸಿಬಲ್‌ಗೆ ವಾರಕ್ಕೆ ಉಳಿಯುವುದು ಒಂದೂಕಾಲು ಗಂಟೆ ಮಾತ್ರ! ಗದ್ವಾಲ್‌ನಿಂದ ಅಲಂಪುರಕ್ಕೆ ಬಸ್ಸಿನಲ್ಲಿ ಹೋಗುವಾಗ ಓಪನ್ ಹೆಡ್‌ಫೋನ್ ಹಾಕಿಕೊಂಡರೆ ಎಂಜಿನ್ ಸದ್ದನ್ನು ಮೀರಿಸಲು ನಮಗೇ ಗೊತ್ತಿಲ್ಲದೆ ವಾಲ್ಯೂಮ್ ಏರಿಸುತ್ತೇವೆ. ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ನಿಮಗೊಂದು ಲೆಕ್ಕ: ಹೆಡ್‌ಫೋನಿನ ಅಡ್ಡಿ 32 ಓಮ್, ಬಾಸ್‌ನಲ್ಲಿ 64 ಓಮ್ ಎಂದಿಟ್ಟುಕೊಳ್ಳಿ. ಆಂಪ್ಲಿಫೈಯರಿನ ರೋಧ 120 ಓಮ್ ಇದ್ದಾಗ, 2 ಓಮ್ ಇದ್ದಾಗ ಪಾಲು ಎಷ್ಟೆಷ್ಟು? ಮಾಡಿ ನೋಡಿ, ನಿಮ್ಮ ವಿಜ್ಞಾನ ಮೇಷ್ಟ್ರಿಗೆ ತೋರಿಸಿ. ಅಂಗಡಿಯವರ ಮಾತಿಗಿಂತ ಆ ಉತ್ತರವನ್ನೇ ನೀವು ನಂಬಬಹುದು.