ಕಾಣದಿರುವುದೂ ಇಲ್ಲದಿರುವುದೂ: ನೀರಿನ ಪರೀಕ್ಷೆಯಲ್ಲಿ ಪೂರ್ವಸಾಂದ್ರೀಕರಣ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ನೀರಿನ ಪರೀಕ್ಷೆಯ ವೃತ್ತಿಯಲ್ಲಿದ್ದಾರೆ. ಕಳೆದ ವರ್ಷ ಅವರು ಬೆಳಗಾವಿಯ ನಮ್ಮ ಮನೆಗೆ ಬಂದು, “ಗುರುಗಳೇ, ಹಳ್ಳಿಯವರಿಗೆ ಕೊಡುವ ವರದಿಯನ್ನು ಕನ್ನಡದಲ್ಲಿ ಬರೆಯಬೇಕಾಗಿದೆ. ಯಂತ್ರಕ್ಕೆ ಕಾಣದ ವಿಷವಸ್ತುವಿನ ಮುಂದೆ ‘ಇಲ್ಲ’ ಎಂದು ಬರೆಯಲೋ, ‘ಕಂಡುಬಂದಿಲ್ಲ’ ಎಂದು ಬರೆಯಲೋ?” ಎಂದು ಕೇಳಿದರು. ಮೇಲುನೋಟಕ್ಕೆ ಇದು ಪದಪ್ರಯೋಗದ ಪ್ರಶ್ನೆ. ವಿಚಾರಿಸಿದರೆ ಪ್ರಮಾಣದ ಪ್ರಶ್ನೆ. ಅಂದು ಅವರಿಂದ ತಿಳಿದುಕೊಂಡ ವಿಷಯವನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ಭಾಟ್ಟ ಮೀಮಾಂಸಕರು ಅನುಪಲಬ್ಧಿಯನ್ನು, ಅಂದರೆ ಕಾಣದಿರುವಿಕೆಯನ್ನು, ಒಂದು ಪ್ರಮಾಣವೆಂದು ಒಪ್ಪುತ್ತಾರೆ. ಆದರೆ ಅದಕ್ಕೊಂದು ಕಟ್ಟುಂಟು: ವಸ್ತು ಇದ್ದಿದ್ದರೆ ಕಾಣಲೇಬೇಕಾಗಿತ್ತು ಎಂಬ ಯೋಗ್ಯತೆ ಅಲ್ಲಿರಬೇಕು. ಹಗಲಿನಲ್ಲಿ ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲವೆನ್ನಬಹುದು; ಕತ್ತಲೆಯಲ್ಲಿ ಹಾಗೆನ್ನಲಾಗದು.

ಮಲಪ್ರಭೆಯು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಖಾನಾಪುರವನ್ನು ಹಾಯ್ದು, ಹೊಲಗದ್ದೆಗಳ ಸೀಮೆಯಲ್ಲಿ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಕಬ್ಬಿನ ಬೆಳೆಯಲ್ಲಿ ಬಳಸುವ ಕಳೆನಾಶಕಗಳಲ್ಲಿ ಅಟ್ರಜಿನ್ ಮತ್ತು ಟು-ಫೋರ್-ಡಿ ಎಂಬೆರಡು ಉಂಟು. 2012ರ ಭಾರತೀಯ ಮಾನಕದಂತೆ ಒಂದು ಲೀಟರ್ ಕುಡಿಯುವ ನೀರಿನಲ್ಲಿ ಅಟ್ರಜಿನ್ 2 ಮೈಕ್ರೊಗ್ರಾಮನ್ನೂ ಟು-ಫೋರ್-ಡಿ 30 ಮೈಕ್ರೊಗ್ರಾಮನ್ನೂ ಮೀರಕೂಡದು. ಮೈಕ್ರೊಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು. ನಮ್ಮ ನದಿ ಕೆಟ್ಟಿದೆಯೆಂದು ಹೇಳುವುದು ನನ್ನ ಉದ್ದೇಶವಲ್ಲ. ಕೆಟ್ಟಿಲ್ಲವೆಂದು ಹೇಳಲು ಏನು ಬೇಕೆಂಬುದಷ್ಟೇ ಇಲ್ಲಿನ ವಿಚಾರ.

ಇಂತಹ ವಸ್ತುಗಳನ್ನು ಬೇರ್ಪಡಿಸಿ ನೋಡುವ ವಿಧಾನಗಳಲ್ಲಿ ಕ್ಯಾಪಿಲರಿ ಎಲೆಕ್ಟ್ರೊಫೊರೆಸಿಸ್ ಒಂದು. ಕೇಶನಾಳ ವಿದ್ಯುತ್‌ಸಂಚಲನವೆಂದು ಇದನ್ನು ಕರೆಯಬಹುದು. 1981ರಲ್ಲಿ ಜಾರ್ಗೆನ್‌ಸನ್ ಮತ್ತು ಲುಕಾಕ್ಸ್ ಎಂಬ ಅಮೆರಿಕದ ವಿಜ್ಞಾನಿಗಳು ಇದರ ಶಕ್ತಿಯನ್ನು ತೋರಿಸಿಕೊಟ್ಟರು. ಕೂದಲೆಳೆಯಷ್ಟು ಸಣ್ಣ ರಂಧ್ರದ ಗಾಜಿನ ನಾಳದಲ್ಲಿ ದ್ರಾವಣವನ್ನು ತುಂಬಿ, ಎರಡು ತುದಿಗಳಿಗೆ 30,000 ವೋಲ್ಟಿನವರೆಗೂ ವಿದ್ಯುತ್ತನ್ನು ಹಾಯಿಸುತ್ತಾರೆ. ವಿದ್ಯುದಂಶವುಳ್ಳ ಕಣಗಳು ತಮ್ಮ ತಮ್ಮ ವೇಗದಲ್ಲಿ ಚಲಿಸಿ ಬೇರೆಬೇರೆಯಾಗುತ್ತವೆ. ತುದಿಯ ಬಳಿ ನೇರಳಾತೀತ ಬೆಳಕು ಅವನ್ನು ಗುರುತಿಸುತ್ತದೆ.

ಬೇರ್ಪಡಿಸುವುದರಲ್ಲಿ ಈ ವಿಧಾನ ಬಲು ನಿಪುಣ. ಆದರೆ ಅದರ ಕಣ್ಣು ಮಂದ. ನಾಳಕ್ಕೆ ಸೇರುವ ನೀರು ಒಂದು ಹನಿಯ ಸುಮಾರು ಹತ್ತು ಸಾವಿರದಲ್ಲೊಂದು ಪಾಲು ಮಾತ್ರ. ಬೆಳಕು ಹಾಯುವ ದಾರಿಯೋ ನಾಳದ ಒಳ ಅಗಲದಷ್ಟೇ. ಸೆಂಟಿಮೀಟರಿನ ಇನ್ನೂರರಲ್ಲೊಂದು ಪಾಲು. ಆದ್ದರಿಂದ ಲೀಟರಿನಲ್ಲಿ ಅಂದಾಜು 200 ಮೈಕ್ರೊಗ್ರಾಮಿಗಿಂತ ಕಡಿಮೆಯಿದ್ದರೆ ಈ ಎರಡು ವಸ್ತುಗಳು ಸಾಮಾನ್ಯವಾಗಿ ಕಾಣಿಸವು. ಅಟ್ರಜಿನ್ ಮಿತಿಯ ತೊಂಬತ್ತು ಪಟ್ಟು ಇದ್ದರೂ ಯಂತ್ರ ಸುಮ್ಮನಿದ್ದೀತು! ‘ಇಲ್ಲ’ ಎಂದು ಬರೆದರೆ ಆಗುವ ಅನರ್ಥ ಇದು.

ಇದಕ್ಕೆ ಪರಿಹಾರವೇ ಪೂರ್ವಸಾಂದ್ರೀಕರಣ, ಅಂದರೆ ನೋಡುವ ಮೊದಲೇ ವಸ್ತುವನ್ನು ಒಟ್ಟುಗೂಡಿಸುವುದು. ಮೊದಲನೆಯ ಉಪಾಯ ನಾಳದ ಹೊರಗೆ ನಡೆಯುವಂಥದು. ವಿಶೇಷ ಪುಡಿ ತುಂಬಿದ ಪುಟ್ಟ ಕೊಳವೆಯಲ್ಲಿ ಅರ್ಧ ಲೀಟರ್ ನೀರನ್ನು ಇಳಿಸಿದರೆ ಕಳೆನಾಶಕ ಪುಡಿಗೆ ಅಂಟುತ್ತದೆ. ಅದನ್ನು 1 ಮಿಲಿಲೀಟರ್ ಮೆಥನಾಲಿನಿಂದ ಬಿಡಿಸಿಕೊಂಡರೆ, ಏನೂ ನಷ್ಟವಾಗದಿದ್ದಲ್ಲಿ, 500 ಪಟ್ಟು ಸಾಂದ್ರವಾಗುತ್ತದೆ.

ಎರಡನೆಯದು ನಾಳದೊಳಗಿನ ಪೇರಿಕೆ. ಮಾದರಿಯನ್ನು ಲವಣ ತೀರ ಕಡಿಮೆಯಿರುವ ದ್ರಾವಣದಲ್ಲಿಟ್ಟರೆ ಅಲ್ಲಿ ವಿದ್ಯುತ್‌ಕ್ಷೇತ್ರ ಪ್ರಬಲವಾಗಿರುತ್ತದೆ. ಟು-ಫೋರ್-ಡಿಯಂತಹ ವಿದ್ಯುದಂಶವುಳ್ಳ ಕಣಗಳು ಅಲ್ಲಿ ಓಡಿ, ಲವಣ ಹೆಚ್ಚಿರುವ ದ್ರಾವಣದ ಗಡಿಯಲ್ಲಿ ನಿಧಾನಗೊಂಡು ಒತ್ತೊತ್ತಾಗಿ ನಿಲ್ಲುತ್ತವೆ. ಬಯಲಿನಲ್ಲಿ ಬಿರುಸಾಗಿ ಬಂದ ಜಾತ್ರೆಯ ಜನ ಮಹಾದ್ವಾರದ ಬಳಿ ಒತ್ತಾಗುವಂತೆ ಇದು. ಹತ್ತು ಪಟ್ಟು ಲಾಭ ಇದರಿಂದ ಸುಲಭಸಾಧ್ಯ.

ಅಟ್ರಜಿನ್ನಿಗೆ ಸಾಮಾನ್ಯ ನೀರಿನಲ್ಲಿ ವಿದ್ಯುದಂಶವಿಲ್ಲ. ಅದು ತಾನಾಗಿ ಓಡದು. ಅದಕ್ಕೆ ಮೂರನೆಯ ಉಪಾಯವುಂಟು. ಸಾಬೂನಿನ ಜಾತಿಯ ಅಣುಗಳ ವಿದ್ಯುದಂಶವುಳ್ಳ ಗುಂಪುಗಳನ್ನು ಮಾದರಿಯೊಳಗೆ ಹಾಯಿಸಿದರೆ, ಅವು ಕಸಬರಿಗೆಯಂತೆ ವಸ್ತುವನ್ನು ಗುಡಿಸಿ ಕಿರಿದಾದ ಪಟ್ಟಿಯಲ್ಲಿ ತಂದಿಡುತ್ತವೆ. 1998ರಲ್ಲಿ ಕ್ವಿರಿನೊ ಮತ್ತು ಜಪಾನಿನ ತೆರಾಬೆ ಅವರು ಅನುಕೂಲವಾದ ಕೆಲವು ವಸ್ತುಗಳನ್ನು ಈ ರೀತಿಯಲ್ಲಿ ಸುಮಾರು 5000 ಪಟ್ಟಿನವರೆಗೆ ಸಾಂದ್ರಗೊಳಿಸಿ ತೋರಿಸಿದರು.

ಆದರೆ ಎಚ್ಚರವೂ ಬೇಕು. ಆಲೆಮನೆಯಲ್ಲಿ ಕಬ್ಬಿನ ಹಾಲು ಬೆಲ್ಲವಾಗುವಾಗ ಅದರಲ್ಲಿದ್ದ ಮರಳೂ ಬೆಲ್ಲದಲ್ಲೇ ಉಳಿಯುತ್ತದೆ. ಹಾಗೆಯೇ ಇಲ್ಲಿ ಬೇಡದ ಕಲ್ಮಷವೂ ಕೂಡಿಬರುತ್ತದೆ. ನೀರಿನಲ್ಲಿ ಸಹಜ ಲವಣ ಹೆಚ್ಚಿದ್ದರೆ ಪೇರಿಕೆ ಕೆಡುತ್ತದೆ. ಆದ್ದರಿಂದ ಶುದ್ಧಜಲವನ್ನು ಇದೇ ಕ್ರಮದಲ್ಲಿ ಪರೀಕ್ಷಿಸಬೇಕು. ಮಾದರಿಯ ಒಂದು ಪಾಲಿಗೆ ಗೊತ್ತಾದಷ್ಟು ವಸ್ತುವನ್ನು ಬೆರೆಸಿ, ಅದು ಎಷ್ಟು ಮರಳಿ ಸಿಕ್ಕಿತೆಂದು ನೋಡಬೇಕು. ಯೋಗ್ಯತೆಯನ್ನು ಪರೀಕ್ಷಿಸುವುದೆಂದರೆ ಇದೇ.

ಕೊನೆಗೆ ನಾನು ಆ ಶಿಷ್ಯರಿಗೆ ಕೊಟ್ಟ ವಾಕ್ಯವಿದು: “ಲೀಟರಿನಲ್ಲಿ ಇಷ್ಟು ಮೈಕ್ರೊಗ್ರಾಂ ಇದ್ದರೂ ಕಾಣಬಲ್ಲ ಕ್ರಮದಿಂದ ನೋಡಲಾಗಿ, ಈ ವಸ್ತು ಕಂಡುಬಂದಿಲ್ಲ.” ಆ ಸಂಖ್ಯೆ ಮಾನಕದ ಮಿತಿಗಿಂತ ಕೆಳಗಿದ್ದರೆ ಮಾತ್ರ, ಆ ವಸ್ತುವಿನ ಮಟ್ಟಿಗೆ, ಹಳ್ಳಿಯ ತಾಯಿ ನಿಶ್ಚಿಂತೆಯಿಂದ ಕೊಡ ತುಂಬಿಕೊಳ್ಳಬಹುದು. ಶಿಷ್ಯರು ತಮ್ಮ ವರದಿಯ ನಮೂನೆಯಲ್ಲಿ ಆ ಸಂಖ್ಯೆಗೆಂದು ಒಂದು ಅಂಕಣವನ್ನು ಹೆಚ್ಚಿಸಿಕೊಂಡರು. ನಮ್ಮ ಅಧ್ಯಾಪಕರೂ ಮಕ್ಕಳಿಗೆ ಪ್ರಯೋಗಶಾಲೆಯಲ್ಲಿ ‘ಕಾಣಲಿಲ್ಲ’ ಎಂದು ಬರೆಯಿಸುವಾಗ, ‘ಎಷ್ಟರವರೆಗೆ ನೋಡಿದೆ?’ ಎಂದು ಕೇಳುವ ರೂಢಿಯನ್ನು ಬೆಳೆಸುವುದು ಒಳಿತು.