ಪೆನ್ನಿನ ಮುಚ್ಚಳದ ತೂತು: ವಸ್ತು ವಿನ್ಯಾಸವನ್ನು ಬೋಧಿಸುವ ಬಗೆ

ಅಭ್ಯಾಸ ಬೋಧನೆಯಲ್ಲಿ ಆವಿಷ್ಕಾರಗಳ ಪಾಠ ಬಂದಾಗ ಕಪ್ಪುಹಲಗೆಯ ಮೇಲೆ ಸಾಮಾನ್ಯವಾಗಿ ಮೂರು ಅಂಶಗಳು ಮೂಡುತ್ತವೆ: ವಸ್ತು, ಕಂಡುಹಿಡಿದವರು, ವರ್ಷ. ಯಾರಿಗೋ ಒಂದು ದಿನ ಹೊಳೆಯಿತು, ಮರುದಿನ ವಸ್ತು ಸಿದ್ಧವಾಯಿತು ಎಂದು ಮಕ್ಕಳು ತಿಳಿದರೆ ತಪ್ಪು ಅವರದಲ್ಲ. ಆದರೆ ಮೊದಲ ಯತ್ನ ಕೆಟ್ಟೊಡನೆ ‘ನನಗೆ ಬರುವುದಿಲ್ಲ’ ಎಂದು ಕೈಬಿಡುವ ಮಗುವಿಗೆ ಈ ತಿಳಿವಳಿಕೆಯಿಂದ ನಷ್ಟವೇ ಹೆಚ್ಚು. ಆ ಮಗುವಿನ ಕೈಯಲ್ಲಿರುವ ಬಾಲ್ ಪೆನ್ನನ್ನೇ ಉದಾಹರಣೆಯಾಗಿ ನೋಡೋಣ.

ತುದಿಯಲ್ಲಿ ಉರುಳುವ ಗುಂಡು ಇರುವ ಪೆನ್ನಿಗೆ ಅಮೆರಿಕದ ಜಾನ್ ಲೌಡ್ 1888ರಲ್ಲೇ ಪೇಟೆಂಟ್ ಪಡೆದರು. ಅದು ತೊಗಲಿನಂಥ ಒರಟು ಮೈಮೇಲೆ ಗುರುತು ಹಾಕುತ್ತಿತ್ತು, ಕಾಗದದ ಬರವಣಿಗೆಗೆ ಒಗ್ಗಲಿಲ್ಲ. ಹಂಗೇರಿಯ ಪತ್ರಕರ್ತ ಲಾಸ್ಲೊ ಬಿರೊ 1930ರ ದಶಕದಲ್ಲಿ ಪತ್ರಿಕೆ ಮುದ್ರಿಸುವ ಶಾಯಿ ಬೇಗ ಒಣಗುವುದನ್ನು ಗಮನಿಸಿದರು. ಆದರೆ ಆ ಮಂದ ಶಾಯಿ ಫೌಂಟನ್ ಪೆನ್ನಿನ ನಿಬ್ಬಿಗೆ ಇಳಿಯುತ್ತಿರಲಿಲ್ಲ. ಅವರು ಗುಂಡಿನ ತುದಿಯತ್ತ ತಿರುಗಿದರು. ರಸಾಯನಶಾಸ್ತ್ರ ಬಲ್ಲ ಸಹೋದರ ಜಾರ್ಜ್ ಅವರ ನೆರವಿನಿಂದ ಅದಕ್ಕೆ ಹೊಂದುವ ಶಾಯಿ ರೂಪಿಸಿದರು. 1938ರಲ್ಲಿ ಪೇಟೆಂಟ್ ಬಂತು. ಅರ್ಜೆಂಟೀನಾಕ್ಕೆ ವಲಸೆ ಹೋದ ಮೇಲೆ ಪೆನ್ನನ್ನು ಇನ್ನಷ್ಟು ತಿದ್ದಿ 1943ರಲ್ಲಿ ಮತ್ತೊಂದು ಪೇಟೆಂಟ್ ಪಡೆದರು.

ಪೆನ್ನು ಬರೆಯತೊಡಗಿತು, ಆದರೆ ಎಲ್ಲರ ಕೈಗೆ ಸಿಗಲಿಲ್ಲ. 1945ರಲ್ಲಿ ನ್ಯೂಯಾರ್ಕ್‌ನಲ್ಲಿ ಮಾರಾಟಕ್ಕೆ ಬಂದ ಬಾಲ್ ಪೆನ್ನಿನ ಬೆಲೆ 12.50 ಡಾಲರ್. 1950ರಲ್ಲಿ ಫ್ರಾನ್ಸಿನ ಮಾರ್ಸೆಲ್ ಬಿಕ್ ಅಗ್ಗದ ‘ಬಿಕ್ ಕ್ರಿಸ್ಟಲ್’ ತಂದರು. ಅದರ ಒಂದೊಂದು ಭಾಗವೂ ಒಂದೊಂದು ಪ್ರಶ್ನೆಗೆ ಉತ್ತರ. ಶಾಯಿ ಎಷ್ಟು ಉಳಿದಿದೆ? ಕಾಣಲೆಂದು ಪಾರದರ್ಶಕ ಕೊಳವೆ. ಮೇಜಿನಿಂದ ಉರುಳಿದರೆ? ಪೆನ್ಸಿಲಿನಂತೆ ಆರು ಮುಖ. ಶಾಯಿ ಸರಾಗವಾಗಿ ಇಳಿಯುವುದು ಹೇಗೆ? ಒಳಗೂ ಹೊರಗೂ ಗಾಳಿಯ ಒತ್ತಡ ಸಮವಾಗಿರಲು ಕೊಳವೆಯ ಮೈಯಲ್ಲೊಂದು ಸಣ್ಣ ರಂಧ್ರ.

ಮುಚ್ಚಳದ ತುದಿಯ ತೂತು ಮಾತ್ರ ಬಂದದ್ದು 1991ರಲ್ಲಿ, ಅಂದರೆ 41 ವರ್ಷಗಳ ನಂತರ. ಮುಚ್ಚಳ ಕಚ್ಚುವ ಮಗುವಿನ ಗಂಟಲಲ್ಲಿ ಅದು ಸಿಕ್ಕಿಕೊಂಡರೆ ಸ್ವಲ್ಪವಾದರೂ ಉಸಿರಾಡಲಿ ಎಂಬುದು ಅದರ ಉದ್ದೇಶ. ಚೆನ್ನಾಗಿ ಮಾರಾಟವಾಗುತ್ತಿದ್ದ ವಸ್ತುವಿನಲ್ಲೂ ತಿದ್ದಬೇಕಾದದ್ದು ಉಳಿದಿತ್ತು.

ತರಗತಿಯಲ್ಲಿ ಈ ಕಥೆಯನ್ನು ಮೊದಲೇ ಹೇಳಬೇಡಿ. ಇಬ್ಬಿಬ್ಬರಿಗೆ ಒಂದು ಪೆನ್ನು ಕೊಟ್ಟು ಬಿಚ್ಚಿಸಿ, ಭಾಗಗಳ ಪಟ್ಟಿ ಮಾಡಿಸಿ. ಪ್ರತಿ ಭಾಗದ ಮುಂದೆ ‘ಇದು ಇಲ್ಲದಿದ್ದರೆ ಏನಾಗುತ್ತದೆ?’ ಎಂಬ ಪ್ರಶ್ನೆಗೆ ಉತ್ತರ ಬರೆಸಿ. ಓರೆಯಾಗಿಟ್ಟ ಹಲಗೆಯ ಮೇಲೆ ದುಂಡು ಪೆನ್ನು, ಆರು ಮುಖದ ಪೆನ್ಸಿಲ್ ಎರಡನ್ನೂ ಇಟ್ಟು ಯಾವುದು ಬೇಗ ಉರುಳುತ್ತದೆ ಎಂದು ನೋಡಲಿ. ಮಕ್ಕಳ ಊಹೆಗಳೆಲ್ಲ ಹಲಗೆಯ ಮೇಲೆ ಬಂದ ಬಳಿಕವೇ ಹೆಸರು, ವರ್ಷಗಳನ್ನು ತಿಳಿಸಿ.

ಮುಂದಿನ ಅವಧಿಗೆ ಒಂದು ಚಟುವಟಿಕೆ: ತುಂಡು ಸೀಮೆಸುಣ್ಣ ಹಿಡಿದು ಬರೆಯಲು ರಟ್ಟಿನಿಂದ ಒಂದು ಹಿಡಿಕೆ ತಯಾರಿಸುವುದು. ಮಕ್ಕಳು ಮೊದಲು ಚಿತ್ರ ಬರೆಯಲಿ, ಹಿಡಿಕೆ ಮಾಡಲಿ, ಅದರಿಂದ ಹಲಗೆಯ ಮೇಲೆ ಬರೆದು ನೋಡಲಿ, ಬಳಿಕ ಎರಡನೇ ಚಿತ್ರ ಬರೆಯಲಿ. ಮೌಲ್ಯಮಾಪನದಲ್ಲಿ ಮೊದಲ ಚಿತ್ರದ ಅಂದಕ್ಕೆ ಅಂಕ ಬೇಡ. ಎರಡನೆಯದರಲ್ಲಿ ಏನು ಬದಲಾಯಿತು, ಏಕೆ ಬದಲಾಯಿತು ಎಂದು ಹೇಳಬಲ್ಲ ಮಗುವಿಗೆ ಅಂಕ ಕೊಡಿ. ಹಿಡಿಕೆ ಮುರಿದುಹೋದ ಮಗುವೂ ಆಗ ಧೈರ್ಯವಾಗಿ ಎದ್ದು ಉತ್ತರಿಸುತ್ತದೆ.